ಗೋಡೆ ಹತ್ತಿಸಿದ ಆಪಾ

ಅವರ ಉಗುರುಗಳಲ್ಲಿ ಸದಾ ಮದರಂಗಿಯ ಕೆಂಪು, ಅದರ ಮೇಲೆ ಸುಣ್ಣದಂಥ ಬಿಳಿ ಪುಡಿ. ಎಷ್ಟು ತೊಳೆದರೂ ಆ ಪುಡಿ ಬೆರಳ ಸಂದಿಯಿಂದ ಹೋಗುತ್ತಿರಲಿಲ್ಲ. ಸಲ್ವಾರಿನ ಅಂಚನ್ನು ಪಾದದ ಬಳಿ ರಬ್ಬರ್ ಬ್ಯಾಂಡಿನಿಂದ ಬಿಗಿದು, ತಲೆಯ ದುಪಟ್ಟಾದ ಮೇಲೆಯೇ ಹೆಲ್ಮೆಟ್ ಕಟ್ಟಿಕೊಂಡು, ಐವತ್ತು ದಾಟಿದ ಆ ಹೆಂಗಸು ಆ ದಿನ ಬೆಳಿಗ್ಗೆ ಮರೀನ್ ಡ್ರೈವಿನಲ್ಲಿ ಸೈಕಲ್ ಸವಾರಿಗೆ ಬಂದ ನಮ್ಮನ್ನು ಕಾಯುತ್ತಾ ನಿಂತಿದ್ದರು.

ವಿಜಯಪುರದ ಕಡೆಯಿಂದ ಮದುವೆಯಾಗಿ ಕುರ್ಲಾದ ಚಾಳ್‌ಗೆ, ಸಾಲುಕೋಣೆಗಳ ವಠಾರಕ್ಕೆ, ಬಂದವರು. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಜನರಿಂದ ಸೈಕಲ್ ತುಳಿಸುವುದು, ಮಧ್ಯಾಹ್ನ ಕುರ್ಲಾದ ಹಳೆಯ ಕಾರ್ಖಾನೆ ಶೆಡ್ಡಿನೊಳಗೆ ಕಟ್ಟಿದ ಬಂಡೆಯಂಥ ಗೋಡೆ ಹತ್ತಿಸುವುದು ಅವರ ಕೆಲಸ. ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ.

ನಾನು ಅಲ್ಲಿಗೆ ಸ್ವಂತ ಇಷ್ಟದಿಂದ ಹೋದವಳಲ್ಲ. ಮುಲುಂಡಿನಲ್ಲಿ ನಮ್ಮದು ಪುಟ್ಟ ಹೋಟೆಲು. ಉಡುಪಿಯಿಂದ ಬಂದಂದಿನಿಂದ ದೋಸೆ ಕಾವಲಿ ನನ್ನದೇ. ಆ ವರ್ಷ ಒದ್ದೆ ನೆಲದಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, ಕೈ ಸರಿಯಾಗಿದೆ, ಎಲ್ಲ ಕೆಲಸ ಮಾಡಬಹುದು ಎಂದರು. ನನಗೆ ನಂಬಿಕೆ ಬರಲಿಲ್ಲ. ಹಿಟ್ಟಿನ ಸೌಟು ಎತ್ತಿದರೆ ಕೈ ಮತ್ತೆ ಮುರಿದೀತೆಂದು ಕೆಳಗಿಟ್ಟುಬಿಡುತ್ತಿದ್ದೆ. ಕಾವಲಿಯ ಮುಂದೆ ಬೇರೆಯವನು ನಿಂತ. ನಾನು ಮೂಲೆಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುವವಳಾದೆ. ಅದನ್ನು ನೋಡಲಾರದೆ ಮಗಳು ಸೈಕಲ್ ತುಳಿದು ಗೋಡೆ ಹತ್ತುವ ಈ ಒಂದು ದಿನದ ಸವಾರಿಗೆ ನನ್ನ ಹೆಸರು ಕೊಟ್ಟುಬಿಟ್ಟಳು.

“ಅಮ್ಮಾ, ಬುಕ್ ಮಾಡಿ ಆಯ್ತು. ಅಬ್ ಕ್ಯಾನ್ಸಲ್ ಆಗುದಿಲ್ಲ,” ಎಂದಳು. ಹಟದಲ್ಲಿ ಅವಳು ನನ್ನ ಮಗಳೇ.

ಆಪಾ ಅವರದೊಂದು ಕಾಯಿದೆ ಇತ್ತು. ಎಲ್ಲರಿಗಿಂತ ನಿಧಾನ ತುಳಿಯುವವರು ಎಲ್ಲರಿಗಿಂತ ಮುಂದೆ ಹೋಗಬೇಕು. ಆ ಮರ್ಯಾದೆ ನನ್ನ ಪಾಲಿಗೆ ಬಂತು. ಹಿಂದಿದ್ದ ದಹಿಸರಿನ ಹುಡುಗರು ಗಂಟೆ ಬಾರಿಸಿದರೆ ಆಪಾ ಹಿಂದಿಯಲ್ಲಿ ಗದರುತ್ತಿದ್ದರು. ನನ್ನ ಪಕ್ಕ ಬಂದು ಕನ್ನಡದಲ್ಲಿ ಹೇಳಿದರು: “ಹಿಂದ ಬಿಟ್ಟವ್ರು ಅರ್ಧ ದಾರ್ಯಾಗ ಮನೀ ಹಾದಿ ಹಿಡೀತಾರ್ರೀ.” ದಾದರಿನಲ್ಲಿ ಲೋಕಲ್ ರೈಲು ಹತ್ತಿ ಮನೆಗೆ ಜಾರಿಕೊಳ್ಳುವ ಯೋಚನೆಯಲ್ಲೇ ನಾನಿದ್ದೆ.

ವರ್ಲಿಯಲ್ಲಿ ಚಹಾಕ್ಕೆ ನಿಂತೆವು. ನಾನು ಗ್ಲಾಸನ್ನು ಎಡಗೈಯಲ್ಲಿ ತೆಗೆದುಕೊಂಡೆ. ಆಪಾ ಹುಬ್ಬು ಗಂಟಿಕ್ಕಿದರು.

“ಎಡಗೈಲೆ ಕುಡೀತೀರೇನ್ರೀ? ಆ ರೂಢಿ ನಮ್ಮೊಳಗೂ ಇಲ್ಲ, ನಿಮ್ಮೊಳಗೂ ಇಲ್ಲ.”

“ಬಲಗೈಯಲ್ಲಿ ಶಕ್ತಿ ಇಲ್ಲ ಆಪಾ. ಮುರಿದಿತ್ತು.”

“ಡಾಕ್ಟರ್ ಏನಂದ್ರು?”

“ಸರಿ ಉಂಟು ಅಂದ್ರು.”

“ಹಂಗಾದ್ರ ಶಕ್ತಿ ಇಲ್ಲ ಅಂದವ್ರು ಯಾರು?”

ನನಗೆ ಸಿಟ್ಟು ಬಂತು. ಗುರುತು ಪರಿಚಯವಿಲ್ಲದ ಹೆಂಗಸು ನನ್ನ ಕೈಯ ಬಗ್ಗೆ ನನಗೇ ಪಾಠ ಹೇಳುವುದೇ? ಗ್ಲಾಸನ್ನು ಅಲ್ಲೇ ಇಟ್ಟು ಸೈಕಲ್ ಹತ್ತಿ, ಕುರ್ಲಾ ಮುಟ್ಟುವವರೆಗೆ ಹಿಂದೆ ನೋಡದೆ ತುಳಿದೆ.

ಶೆಡ್ಡಿನ ಗೋಡೆಯ ತುಂಬ ಬಣ್ಣಬಣ್ಣದ ಹಿಡಿಕೆಗಳು. ಕೈ ಜಾರದಿರಲೆಂದು ಆಪಾ ನಮ್ಮ ಅಂಗೈಗೆ ಬಿಳಿ ಪುಡಿ ಹಚ್ಚಿಸಿದರು. ನಾನೇನು ಮಾಡಿದೆ ಗೊತ್ತೇ? ಸೀದಾ ನಲ್ಲಿಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಇಷ್ಟು ವರ್ಷ ಹೋಟೆಲಿನ ಒಲೆಯ ಮುಂದೆ ಕಳೆದವಳಿಗೆ ಪುಡಿ ಮೆತ್ತಿದ ಕೈಯಲ್ಲಿ ಕೆಲಸ ಮುಟ್ಟಿ ಗೊತ್ತಿಲ್ಲ. ಸೊಂಟಕ್ಕೆ ಹಗ್ಗ ಬಿಗಿದರು, ಅದರ ಇನ್ನೊಂದು ತುದಿ ಆಪಾ ಅವರ ಹತೋಟಿಯಲ್ಲಿತ್ತು. ನಾಲ್ಕು ಅಡಿ ಏರುವಷ್ಟರಲ್ಲಿ ಒದ್ದೆ ಕೈ ಜಾರಿ ಹಗ್ಗದಲ್ಲಿ ತೂಗಾಡಿದೆ.

“ಇದು ಅಡಗಿಮನಿ ಅಲ್ರೀ,” ಎಂದು ಆಪಾ ನಕ್ಕರು. ನನಗೂ ನಗು ಬಂತು, ಸಿಟ್ಟು ಅಲ್ಲಿಗೆ ಇಳಿಯಿತು.

ಕೈ ಒರೆಸಿ, ಮತ್ತೆ ಪುಡಿ ಹಚ್ಚಿ ಏರಿದೆ. ಈ ಸಲ ಕೆಳಗಿನಿಂದ ಅವರ ದನಿ ಗಟ್ಟಿಯಾಗಿ ಬಂತು. “ಆ ಹಳದಿ ಐತಲ್ಲ, ಅದನ್ನ ಬಲಗೈಲೆ ಹಿಡೀರಿ. ಎಡಗೈ ಚಾಚಿದ್ರ ಕೆಳಗ ಇಳಸ್ತೀನಿ.”

“ಆಗುದಿಲ್ಲ ಆಪಾ.”

“ಹಿಡದು ನೋಡಿ ಆಮ್ಯಾಲ ಹೇಳ್ರಿ. ಹಗ್ಗ ನನ್ ಕಡೆ ಐತಿ.”

ಹಿಡಿದೆ. ಮಣಿಕಟ್ಟು ಚುರ್ ಎಂದಿತು. ನೋವೇನೋ ಇತ್ತು, ಆದರೆ ಮುರಿದ ದಿನದ ನೋವಲ್ಲ. ಎಡಗೈ ಬಿಟ್ಟು ಮೇಲಿನ ಹಿಡಿಕೆಗೆ ಚಾಚುವಾಗ ನನ್ನ ಭಾರ ಬಲಗೈಗೆ ಬಿತ್ತು. ಅದು ಬಿಡಲಿಲ್ಲ. ಗೋಡೆಯ ತುದಿ ಮುಟ್ಟದೆ ಅರ್ಧಕ್ಕೇ ಇಳಿದೆ. ಇಳಿದವಳು ಆ ಹುಡುಗರ ಎದುರೇ ಅತ್ತುಬಿಟ್ಟೆ.

ಮಾರನೇ ಬೆಳಿಗ್ಗೆ ಕಾವಲಿಯ ಮುಂದಿದ್ದವನಿಗೆ “ಸ್ವಲ್ಪ ಆಚೆ ನಿಲ್ಲು ಮಾರಾಯ” ಎಂದೆ. ಮೊದಲ ದೋಸೆಗಳು ಸೊಟ್ಟಗಾದವು. ನನ್ನ ಗಂಡ ಅವನ್ನೇ ತಟ್ಟೆಗೆ ಹಾಕಿಕೊಂಡು ತಿಂದರು.

ಆಮೇಲೆ ಮುಲುಂಡ್ ಕಡೆ ಬಂದಾಗಲೆಲ್ಲ ಆಪಾ ನಮ್ಮ ಹೋಟೆಲಿಗೆ ಬರುತ್ತಿದ್ದರು. ಕುರ್ಚಿ ಬೇಡ, ಕಾವಲಿಯ ಹತ್ತಿರವೇ ನಿಂತು ತಿನ್ನಬೇಕು. ಕಳೆದ ವರ್ಷ ಕಾಯಿಲೆ ಅವರನ್ನು ಕರೆದುಕೊಂಡು ಹೋಯಿತು. ಅದಕ್ಕೆ ಕೆಲವು ದಿನ ಮೊದಲು ನೋಡಲು ಹೋಗಿದ್ದೆ. ಆಪಾ ಎದ್ದು ಕೂರಲು ಹವಣಿಸಿದರು, ಆಗಲಿಲ್ಲ. ಸೊಸೆ ಓಡಿ ಬಂದಳು. “ರಹನೆ ದೇ ಬೇಟಾ,” ಎಂದು ಅವಳನ್ನು ತಡೆದು ನನ್ನತ್ತ ತಿರುಗಿದರು.

“ನೀವ್ ಎತ್ರಿ. ಬಲಗೈ ಕೊಡ್ರಿ.”

ಕೊಟ್ಟೆ. ಇದ್ದ ಭಾರವನ್ನೆಲ್ಲ ನನ್ನ ಕೈಗೆ ಬಿಟ್ಟರು. ಎಬ್ಬಿಸಿ ಕೂರಿಸಿದೆ. ಅವರು ಕೂತ ಮೇಲೂ ನಾನು ಆ ಕೈ ಬಿಡಲಿಲ್ಲ.