ಜಗಳೂರಿನ ಪಡಸಾಲ್ಯಾಗೆ ನೇತಾಕಿದ ಕಾಡು

ಸೂಳೆಕೆರೆ ಏರಿ ಮೇಲೆ ಅರಮನೆ ಅಂಗಾತ ಮಲಗಿದ್ದನ್ನ ನೀವು ನೋಡಿಲ್ಲ. ನಾನು ನೋಡೀನಿ. ಅರಮನೆ ಪಕ್ಕಕ್ಕೆ ಒಂದು ಹೂದೋಟ, ಹೂದೋಟದ ಪಕ್ಕಕ್ಕೆ ಒಂದು ಪೇಟೆ ಬೀದಿ, ಅದರಾಚೆಗೆ ದಟ್ಟ ಕಾಡು. ಎಲ್ಲಾ ಹುಲ್ಲಿನ ಮೇಲೆ ಬಿದ್ಕಂಡು ಬಿಸಿಲು ಕಾಯಿಸ್ತಿದ್ವು. ಬೆಳ್ಳಕ್ಕಿಗಳು ಅರಮನೆ ಮೆಟ್ಟಿಲು ಹತ್ತಿ ಸಿಂಹಾಸನದ ತನಕ ನಡಕಂಡು ಹೋಗ್ತಿದ್ವು. ಮೀನು ಹಿಡಿಯೋರು ಒದ್ದೆ ಬಲೆ ಹೊತ್ಕಂಡು ಬಂದು, ಪೇಟೆ ಬೀದಿ ತುಳಿಬಾರದು ಅಂತ ಸುತ್ತಾಕ್ಕಂಡು ಹೋಗ್ತಿದ್ರು.

ಅವು ನಮ್ಮ ನಾಟಕದ ಪರದೆಗಳು. ಮಳೆಗಾಲ ಮುಗಿದ ಮೇಲೆ ಅವನ್ನ ಕೆರೆ ಏರಿ ಮೇಲೆ ಹಾಸಿ ಒಣಗಿಸೋದು ನಮ್ಮ ಪದ್ಧತಿ. ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆ ನಾಟಕದ ಸಂಘ ಇದ್ವು. ಪೂರ್ತಿ ಸೀನರಿ ಕೊಳ್ಳೋ ತಾಕತ್ತು ಒಂದಕ್ಕೂ ಇರಲಿಲ್ಲ. ಅದಕೇ ಎಲ್ಲಾ ಸೇರಿ ಪರದೆ ಬರೆಸಿ, ಊರಿಗೊಂದರಂಗೆ ಹಂಚಿಕಂಡ್ವಿ. ಯಾರು ನಾಟಕ ಆಡಿದ್ರೂ ಉಳಿದ ಮೂರು ಊರಿನ ಅಧ್ಯಕ್ಷರು ಅವರವರ ಪರದೆ ಹೊತ್ಕಂಡು ಬರಬೇಕು.

ನಮ್ಮ ಚನ್ನಗಿರಿ ಅಧ್ಯಕ್ಷರು ಅಡಿಕೆ ವ್ಯಾಪಾರಿ, ಹೂದೋಟ ಅವರ ಗೋಡೌನಿನಾಗೆ. ಹೊನ್ನಾಳಿಯೋರದು ಅಕ್ಕಿ ಗಿರಣಿ, ಅರಮನೆ ಅವರ ಅಟ್ಟದ ಮೇಲೆ. ನ್ಯಾಮತಿಯೋರದು ಕಿರಾಣಿ ಅಂಗಡಿ, ಬೀದಿ ಅವರ ಬೆಲ್ಲದ ಮೂಟೆ ಹಿಂದೆ. ಕಾಡು ಮಾತ್ರ ಜಗಳೂರಿಗೆ ಹೋತು. ಮಳೆ ಕಾಣದ ಸೀಮೆಗೆ ಕಾಡು ಕಳಿಸಿದ್ದು ನಂದೇ ಕಿತಾಪತಿ. ಜಗಳೂರಿನೋರು ಕಂಬಳಿ ವ್ಯಾಪಾರಿ, ಮಾತು ಕಡಿಮೆ. "ನಿಮ್ಮ ಕಡೆ ಮರ ಇಲ್ಲ, ಇದನ್ನ ತಗಳ್ರಿ" ಅಂದೆ. ಅವರು ನಗಲಿಲ್ಲ. ಕೂಸು ಇಸ್ಕಂಡಂಗೆ ಎರಡೂ ಕೈಯಾಗೆ ಇಸ್ಕಂಡ್ರು.

ನಾನು ಯಾರು ಅಂತೀರಾ? ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ರ ನನ್ನ ಟೇಲರ್ ಅಂಗಡಿ. ಸಂಘದ ಕಾರ್ಯದರ್ಶಿ ನಾನೇ, ರಾಜನ ಅಂಗಿ ಹೊಲಿಯೋನು ನಾನೇ, ನಾಟಕದಾಗೆ ಜನಾನ ನಗಿಸೋನೂ ನಾನೇ. ನಾನಿಲ್ದಿದ್ರೆ ನಾಲ್ಕೂ ಸಂಘ ಅವತ್ತೇ ಮಣ್ಣಾಗಿ ಹೋಗ್ತಿದ್ವು. ಇದು ಜಂಬ ಅಲ್ಲ. ಜಂಬ ಮುಂದೈತೆ.

ಈ ನಾಲ್ಕೂ ಅಧ್ಯಕ್ಷರಿಗೆ ಸಂಬಳ ಇಲ್ಲ, ಸಾರಿಗೆ ಇಲ್ಲ. ಬೆಂಚು ಹೊರೋರು ಅವರೇ, ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯೋರು ಅವರೇ, ಹಾರ್ಮೋನಿಯಂ ಮಾಸ್ತರಿಗೆ ಬಿಸಿನೀರು ಕಾಯಿಸೋರೂ ಅವರೇ. ಆದ್ರೆ ಒಂದು ಆಸೆ ಇತ್ತು. ನಾಟಕ ನಡೆಯುವಾಗ ಮುಂದಿನ ಸಾಲಿನ ನಟ್ಟ ನಡುವೆ ಕೈ ಇರೋ ಕುರ್ಚಿ ಮೇಲೆ ಕುಂದ್ರಬೇಕು. ಕುರ್ಚಿ ಒಂದೇ. ಮೊದಲನೇ ನಾಟಕದಾಗೆ ಎಂಥಾ ಜಗಳ ಹತ್ತಿತು ಅಂದ್ರೆ, ರಾಜನೇ ಕಿರೀಟ ಸಮೇತ ಕೆಳಗಿಳಿದು ಬಿಡಿಸಬೇಕಾತು. ಆವಾಗ ನಾನೊಂದು ಕಾನೂನು ತಂದೆ. ಯಾವ ಪರದೆ ಬಿದ್ದೈತೋ ಅದನ್ನ ಕಾಯ್ದೋರು ಕುರ್ಚಿ ಮೇಲೆ. ಪರದೆ ಬದಲಾದ್ರೆ ಕುರ್ಚಿ ಬಿಡಬೇಕು. ಇಂಥಾ ಕಾನೂನು ವಿಧಾನಸೌಧದಾಗೂ ಆಗಿಲ್ಲ.

ಆಮೇಲೆ ನೋಡಬೇಕಿತ್ತು ತಮಾಷೆ. ಹೊನ್ನಾಳಿಯೋರು ಮಾಸ್ತರಿಗೆ ಸಣ್ಣಕ್ಕಿ ಕಳಿಸಿ, "ರಾಜ ಸಭೆಯಾಗೆ ಇನ್ನೊಂದು ಹಾಡು ಹಾಡಲಿ, ಏನವಸರ" ಅನ್ನೋರು. ನ್ಯಾಮತಿಯೋರ ಬೀದಿ ಪರದೆ ಬೀಳೋದು ನಾನು ನಗಿಸಾಕೆ ಬಂದಾಗ ಮಾತ್ರ. ನಾನು ಬರೋದು ಘಳಿಗೆಗೊಂದು ಸಲ. ಪಾಪ, ಎದ್ದು ಕುಂತು, ಎದ್ದು ಕುಂತು ಅವರ ಪಂಚೆ ಸಡಿಲಾಗೋದು. ಎಷ್ಟೋ ಸಲ ಜನ ನನ್ನ ಬಿಟ್ಟು ಅವರನ್ನ ನೋಡಿ ನಕ್ಕಾರೆ.

ಆ ವರ್ಷ ಏರಿ ಮೇಲೆ ಅರಮನೆ ಹಾಸಿದ್ವಿ, ಹೂದೋಟ ಹಾಸಿದ್ವಿ, ಬೀದಿ ಹಾಸಿದ್ವಿ. ಕಾಡು ಹಾಸೋ ಜಾಗದಾಗೆ ಬರೀ ಹುಲ್ಲು. ಜಗಳೂರಿನೋರು ಬರಲಿಲ್ಲ, ಹೇಳಿ ಕಳಿಸಿದ್ರೂ ಸುದ್ದಿ ಇಲ್ಲ. ನಮ್ಮ ಹೊಸ ನಾಟಕವೋ, ರಾಜ್ಯ ಕಳಕೊಂಡ ರಾಜ ಹೆಂಡ್ತಿ ಕೂಡೆ ಕಾಡು ಸುತ್ತೋ ಕಥೆ. ಕಾಡೇ ಇಲ್ದೆ ಅವನು ಎಲ್ಲಿ ಸುತ್ತಬೇಕು?

"ಒಬ್ಬರು ಪರದೆ ಇಟ್ಕಂಡ್ರೆ ನಾಳೆ ಎಲ್ಲಾರೂ ಇಟ್ಕಂತಾರೆ. ಅಲ್ಲಿಗೆ ಒಪ್ಪಂದ ಮುಗೀತು" ಅಂದ್ರು ಹೊನ್ನಾಳಿಯೋರು.

ನಮ್ಮ ಅಧ್ಯಕ್ಷರು ಮಕ್ಕಳಿಲ್ಲದ ಮನುಷ್ಯ, ಸಾಯಂಕಾಲ ಆದ್ರೆ ಸಂಘವೇ ಅವರ ಮನೆ. "ಟೇಲರ್, ನೀನು ಹೋಗು. ಕಾಡು ತರದೆ ಬರಬೇಡ" ಅಂದ್ರು.

ನನಗೆ ಅಷ್ಟೇ ಬೇಕಾಗಿತ್ತು. ಹಳೇ ಗೋಣಿಚೀಲ ಸೇರಿಸಿ, ಸುತ್ತಿದ ಪರದೆಯಷ್ಟೇ ಉದ್ದ, ಅಷ್ಟೇ ದಪ್ಪದ ಒಂದು ಸುರುಳಿ ಹೊಲಿದೆ. ಇದನ್ನ ಜಗಳೂರಿನೋರ ಮನೆಯಾಗಿಟ್ಟು ಕಾಡನ್ನ ಎತ್ಕಂಡು ಬರೋದು, ಅವರು ಬಿಚ್ಚಿ ನೋಡೋ ಹೊತ್ತಿಗೆ ನಮ್ಮ ನಾಟಕ ಮುಗಿದಿರಬೇಕು, ಅದು ನನ್ನ ಲೆಕ್ಕ. ದಾವಣಗೆರೆಯಾಗೆ ಬಸ್ ಬದಲಿಸಿ, ಟಾಪ್ ಮೇಲೆ ಸುರುಳಿ ಪಕ್ಕದಾಗೇ ಕುಂತು ಹೊಂಟೆ. ಜೋಳದ ಹೊಲ, ಕುರಿ ಹಿಂಡು, ಬಿಳೀ ಆಕಾಶ. ಗಾಳಿಗೆ ಕಣ್ಣು ಎಳೀತಿತ್ತು. ಮಲಗಿದ್ನೋ ಎಚ್ಚರ ಇದ್ನೋ ಇವತ್ತಿಗೂ ಗೊತ್ತಿಲ್ಲ.

ಮಟಮಟ ಮಧ್ಯಾಹ್ನ ಅವರ ಬಾಗಿಲಾಗೆ ನಿಂತು ಒಳಗೆ ನೋಡಿದೆ. ಪಡಸಾಲ್ಯಾಗೆ ಕಾಡು.

ತೊಲೆಗೆ ಹಗ್ಗ ಬಿಗಿದು ಪರದೆ ಪೂರ್ತಿ ಇಳಿಬಿಟ್ಟಿದ್ರು. ಹಿಂದಿನ ಗೋಡೆಯ ಎತ್ತರದ ಕಿಟಕಿ ಬೆಳಕು ಬಟ್ಟೆ ದಾಟಿ ಬಂದು ಮರಗಳೆಲ್ಲ ಒಳಗಿಂದ ಹಸಿರಾಗಿ ಉರೀತಿದ್ವು. ಗಾಳಿ ಬಂದ್ರೆ ಕೊಳದ ನೀರು ಅಲ್ಲಾಡ್ತಿತ್ತು. ಅದರ ಎದುರಿಗೆ ಒಂದು ಮಂಚ, ಮಂಚದ ಮೇಲೆ ಅಧ್ಯಕ್ಷರ ಹೆಂಡ್ತಿ. ಮಳೆಗಾಲದಾಗೆ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಕಂಡು, ಅವತ್ತಿಂದ ಎದ್ದಿಲ್ಲ.

"ಯಾರದು? ಚನ್ನಗಿರಿ ಟೇಲರಾ?" ಅಂದ್ರು.

"ಹೌದಕ್ಕಾರೇ."

"ಬಲಗಡೆ ಮರಕ್ಕೆ ತೇಪೆ ಹಾಕಿದೋನು ನೀನೇನಾ?"

"ನಾನೇ. ಹೆಂಗೈತೆ ಕೈಚಳಕ?"

"ಮಂಗ ಕುಂತಂಗೆ ಐತೆ. ದಿನಾ ಅದಕ್ಕೆ ಬೈಯ್ಕಂತ ಮಲಗ್ತೀನಿ. ಇನ್ನು ಮ್ಯಾಲೆ ಯಾರಿಗೆ ಬೈಬೇಕು ಅಂತ ಮುಖ ಗೊತ್ತಾತು, ಕುಂದ್ರು."

ಕುಂತೆ. ನನ್ನ ಬಾಯಿ ಮುಚ್ಚಿಸಿದ ಮನುಷ್ಯರು ಭೂಮಿ ಮೇಲೆ ಕಡಿಮೆ, ಅವರೊಳಗೆ ಈಕೆ ಒಬ್ಬರು.

ನಾಟಕದೋರು ಜಗಳೂರಿಗೆ ಬಂದಾಗೆಲ್ಲ ರೊಟ್ಟಿ ಬಡಿದು ಹಾಕಿದ್ದು ಆಕೆಯೇ. ಒಲೆ ಮುಂದೆ ಕುಂತು ಹಾರ್ಮೋನಿಯಂ ಕೇಳ್ಯಾರೆ, ನಾಟಕ ಒಂದೂ ನೋಡಿಲ್ಲ. ಈಗ ದಿನಾ ಕಾಡಿನಾಗೆ ನಡೀತಾರಂತೆ. "ಮೊದಮೊದಲು ಆ ದೊಡ್ಡ ಮರದ ತನಕ ಹೋಗಾಕೆ ಆಗ್ತಿತ್ತು. ಈಗ ಕೊಳದ ತನಕ ಹೋಗಿ ಕಾಲು ತೊಳಕಂಡು ಬರ್ತೀನಿ" ಅಂದ್ರು, ಸಂತೆಗೆ ಹೋಗಿ ಬಂದೋರು ಹೇಳಿದಂಗೆ.

ಜಗಳೂರಿನೋರು ನನ್ನ ಕಟ್ಟೆಗೆ ಕರಕಂಡು ಬಂದ್ರು. ಮುಖ ಎತ್ತಲಿಲ್ಲ. "ನಾಲ್ಕೂರಿನ ಸಾಮಾನು ಮನೆಗೆ ಕಟ್ಟಿಕಂಡೀನಿ, ತಪ್ಪೇ. ಬೇಕಾದ್ರೆ ಅಧ್ಯಕ್ಷಗಿರಿ ಬಿಡ್ತೀನಿ. ಆದ್ರೆ ಅದನ್ನ ಬಿಚ್ಚಿದ್ರೆ ಆಕಿಗೆ ಬರೀ ಗೋಡೆ ಕಾಣ್ತೈತೆ ಕಣಪ್ಪ. ಗೋಡೆ ನೋಡ್ಕಂಡು ಹೆಂಗೆ ಮಲಗಿರಬೇಕು?"

ಊಟ ಆತು. ಗೋಣಿ ಸುರುಳಿನೇ ತಲೆಗಿಟ್ಕಂಡು ಕಾಡಿನ ಬುಡದಾಗೆ ಮಲಗಿದೆ. ಎಲೆ ಸದ್ದು ಕೇಳಿಸಿತು ಅಂತ ಹೇಳಿದ್ರೆ ನೀವು ನಗ್ತೀರಿ. ಕೇಳಿಸಿತು. ಯಾರೋ ಮೆತ್ತಗೆ ನೀರಿಗೆ ಕಾಲು ಇಳಿಬಿಟ್ಟಂಗೂ ಆತು. ಎದ್ದಾಗ ಹೊತ್ತು ಇಳಿದಿತ್ತು, ತಲೆಯಾಗೆ ಒಂದು ಉಪಾಯ ಹಣ್ಣಾಗಿತ್ತು. ಕಾಡು ನಾಟಕದ ಹತ್ರ ಬರದಿದ್ರೆ, ನಾಟಕಾನೇ ಕಾಡಿನ ಹತ್ರ ಹೋಗಲಿ.

ಚನ್ನಗಿರಿಗೆ ಬಂದು ನಮ್ಮ ಅಧ್ಯಕ್ಷರಿಗೆ ಇದ್ದಿದ್ದು ಇದ್ದಂಗೆ ಹೇಳಿದೆ. ಅವರು ಅಡಿಕೆ ಮೂಟೆ ಮೇಲೆ ಕುಂತು, "ಮಾಸ್ತರಿಗೆ ತಯಾರಾಗಾಕೆ ಹೇಳು" ಅಂದ್ರು ಅಷ್ಟೇ. ಉಳಿದಿಬ್ಬರಿಗೆ ನಿಜ ಹೇಳಿದ್ರೆ ಮೀಟಿಂಗ್ ಆಗ್ತೈತೆ. ಅದಕೇ ಹೊನ್ನಾಳಿಗೆ ಹೋಗಿ, "ನ್ಯಾಮತಿಯೋರು ಬೀದಿ ಪರದೆ ಹೊತ್ಕಂಡು ಜಗಳೂರಿಗೆ ಹೊಂಟಾರಂತೆ. ಪೂರ್ತಿ ನಾಟಕ ಬೀದಿಯಾಗೇ ನಡೆಸ್ತಾರಂತೆ ನೋಡ್ರಿ" ಅಂದೆ. ನ್ಯಾಮತಿಗೆ ಹೋಗಿ, ಬೀದಿ ಬದಲು ಅರಮನೆ ಹಾಕಿ ಅದನ್ನೇ ಹೇಳಿದೆ. ಇಬ್ಬರೂ ನನಗೆ ಟೀ ಕುಡಿಸಿದ್ರು.

ಹೇಳಿದ ದಿನ ಮಧ್ಯಾಹ್ನ ಜಗಳೂರಿನ ಆ ಮನೆ ಮುಂದೆ ಮೂವರೂ ಹಾಜರ್. ಹೆಗಲ ಮೇಲೆ ಪರದೆ, ಕೊರಳಿಗೆ ಶಾಲು. ಒಳಗೆ ಬಂದು ಮಂಚ ನೋಡಿದ್ರು, ಕಾಡು ನೋಡಿದ್ರು, ಆಮೇಲೆ ನನ್ನ ನೋಡಿದ್ರು. ನಾನು ತೊಲೆ ನೋಡಿದೆ.

"ಟೇಲರ್, ನಿನ್ನ ಹಲ್ಲು ಉದುರಿಸ್ತೀನಿ" ಅಂದ್ರು ಹೊನ್ನಾಳಿಯೋರು, ಮೆಲ್ಲಕೆ.

"ನಾಟಕ ಮುಗೀಲಿ. ಹಲ್ಲು ಇಲ್ದಿದ್ರೆ ನಾಲಿಗೆ ಹೊರಳಲ್ಲ."

ತೊಲೆಗೆ ಇನ್ನೊಂದು ಪರದೆ ಕಟ್ಟಾಕೆ ಜಾಗ ಇರಲಿಲ್ಲ. ಇದ್ದಿದ್ರೂ ಆಕೆ ಮುಂದೆ ಕಾಡು ಬಿಚ್ಚೋ ಧೈರ್ಯ ಯಾರಿಗೈತೆ. ಪೂರ್ತಿ ನಾಟಕ ಕಾಡಿನಾಗೇ ಅಂತಾತು. ಪಕ್ಕದ ಮನೆಯಿಂದ ಕೈ ಇರೋ ಕುರ್ಚಿ ಬಂತು. ನಮ್ಮ ಅಧ್ಯಕ್ಷರು, "ಕಾಡು ಬಿದ್ದೈತೆ. ಜಗಳೂರಿನೋರೇ, ಕುಂದ್ರಿ. ಕಾನೂನು" ಅಂದ್ರು.

ಜಗಳೂರಿನೋರು ತಲೆ ಅಲ್ಲಾಡಿಸಿದ್ರು. "ಕಾಯ್ದೋರಿಗೆ ಕುರ್ಚಿ ಅಂತಲ್ಲವಾ ಕಾನೂನು? ಹಗಲು ರಾತ್ರಿ ಕಾಯ್ದೋಳು ಇಲ್ಲಿ ಮಲಗ್ಯಾಳೆ." ಕುರ್ಚಿ ತಗದು ಹೊರಗಿಟ್ರು. ಗೋಡೆಗಿದ್ದ ಮಂಚಾನ ಎಲ್ಲಾರೂ ಎತ್ತಿ ನಟ್ಟ ನಡುವೆ ತಂದಿಟ್ರು. ಅವತ್ತು ನಾಟಕ ಮುಗಿಯೋ ತನಕ ನಾಲ್ಕೂ ಅಧ್ಯಕ್ಷರು ಗೋಡೆಗೆ ಆನ್ಕಂಡು ನಿಂತೇ ಇದ್ರು.

ಕಿಟಕಿ ಬೆಳಕೇ ನಮ್ಮ ಲೈಟು. ಹಾರ್ಮೋನಿಯಂ ಮೆಲ್ಲಗೆ ಏಳ್ತಿತ್ತು. ರಾಜ ಬಂದು ಮೀಸೆ ತಿರುವಿ, "ಈ ನನ್ನ ಸಭಾಮಂಟಪದಲ್ಲಿ" ಅಂತ ಶುರು ಮಾಡಿದ.

"ಎಲ್ಲೈತಪ್ಪ ಮಂಟಪ?" ಅಂದ್ರು ಮಂಚದಿಂದ.

ರಾಜ ಮಾತು ಮರೆತ. "ಮರದ ಹಿಂದೆ ಐತಮ್ಮ" ಅಂದ.

"ಅಲ್ಲಿ ಮಂಗ ಐತೆ, ಹುಷಾರಾಗಿ ಹೋಗು."

ಹಿಂಗೇ ನಡೀತು. ರಾಜನ ಹೆಂಡ್ತಿಗೆ ನೀರಡಿಕೆ ಆದಾಗ ಕೊಳ ಯಾವ ಕಡೆ ಅಂತ ಆಕೆಯೇ ತೋರಿಸಿದ್ರು. ನಾನು ಬಂದಾಗ ಬಿದ್ದು ಬಿದ್ದು ನಕ್ಕು, ಸೊಂಟ ಹಿಡ್ಕಂಡು, "ನಿಲ್ಸೋ, ನೋಯ್ತೈತೆ" ಅಂದ್ರು. ನನ್ನ ಜೀವಮಾನದಾಗೆ ಅಂಥಾ ಮೆಡಲ್ ಇನ್ನೊಂದು ಬಂದಿಲ್ಲ. ಬೆಳಕು ಇಳೀತಾ ಇಳೀತಾ ಮರಗಳು ಕಪ್ಪಾದ್ವು. ಯಾರು ಬಣ್ಣ ಹಚ್ಚಿದ ಮನುಷ್ಯರು, ಯಾವುದು ಬರೆದ ಮರ, ಒಂದೂ ತಿಳೀದಂಗಾತು. ಕೊನೇ ಹಾಡಿಗೆ ಪರದೆ ತಾನಾಗೇ ಒಂದು ಸಲ ಉಸಿರು ತಗಂಡಂಗೆ ಉಬ್ಬಿ ಇಳೀತು.

ಯಾರೂ ಪರದೆ ಮಾತು ಎತ್ತಲಿಲ್ಲ. ನಮ್ಮ ಅಧ್ಯಕ್ಷರು ಶಾಲು ಹೊದ್ಕಂಡು, "ಬರ್ತೀವಮ್ಮ. ಕಾಡು ಇಲ್ಲೇ ಇರಲಿ" ಅಂದ್ರು.

"ಯಾಕೆ ಇರಬೇಕು?" ಅಂದ್ರು ಆಕೆ. "ಬಿಚ್ಚಿಕಂಡು ಹೋಗ್ರಿ."

ಜಗಳೂರಿನೋರು ಗಾಬರಿಯಾಗಿ ಮಂಚದ ಹತ್ರ ಬಂದ್ರು. "ಗೋಡೆ ಕಾಣ್ತೈತೆ ಕಣೇ."

"ಗೋಡೆ ಯಾರಿಗೆ ಬೇಕು? ಇಷ್ಟು ದಿನ ಕಾಡಿನಾಗೆ ಒಬ್ಬಳೇ ತಿರುಗಿದೆ. ಮಾತಾಡಾಕೆ ಒಂದು ನರಪಿಳ್ಳೆ ಇರಲಿಲ್ಲ. ಇವತ್ತು ಜನ ಓಡಾಡಿದ್ದು ನೋಡಿದ ಮೇಲೆ ಅದು ಬರೀ ಕಾಡು ಅನ್ನಿಸ್ತೈತೆ." ನ್ಯಾಮತಿಯೋರ ಹೆಗಲ ಕಡೆ ಕೈ ಮಾಡಿದ್ರು. "ಅದೇನ್ರೀ ಅದು, ಬೀದಿ ಅಲ್ಲವಾ? ಅದನ್ನ ಹಾಕ್ರಿ."

ನ್ಯಾಮತಿಯೋರು ಸುರುಳಿ ಬಿಗಿಯಾಗಿ ತಬ್ಬಿಕಂಡ್ರು. ಒಂದು ಸಲ ಹೊನ್ನಾಳಿಯೋರ ಮುಖ ನೋಡಿದ್ರು, ಒಂದು ಸಲ ನಂದು. ಆಮೇಲೆ ತಾವೇ ಸ್ಟೂಲ್ ಹತ್ತಿದ್ರು. ಲಾಟೀನು ಬೆಳಕಿನಾಗೆ ಕಾಡು ಇಳೀತು, ಬೀದಿ ಏರಿತು. ಸಾಲಾಗಿ ಅಂಗಡಿ, ಅರ್ಧ ತೆರೆದ ಒಂದು ನೀಲಿ ಬಾಗಿಲು. ನಾವು ಕಾಡನ್ನ ಸುತ್ತಿ ಹೆಗಲಿಗೇರಿಸಿದ್ವಿ. ಹೊರಗೆ ದಾವಣಗೆರೆ ಬಸ್ಸು ಹಾರ್ನ್ ಹೊಡೀತು.

"ಆ ನೀಲಿ ಬಾಗಿಲು ಯಾರ ಮನೇದು?" ಅಂತ ಕೇಳಿದ್ರು ಆಕೆ.

"ಮನೆ ಅಲ್ಲ, ಅದು ಕಿರಾಣಿ ಅಂಗಡಿ" ಅಂದ್ರು ನ್ಯಾಮತಿಯೋರು, ಸ್ಟೂಲಿನಿಂದ ಇಳೀತಾ. "ನಂದೇ ಅಂತ ಇಟ್ಕಳ್ರಿ."

"ಬೆಲ್ಲ ಹೆಂಗೆ ಕೊಡ್ತೀರಿ?"

"ಬೆಲ್ಲ ಚೆನ್ನಾಗೈತೆ, ರೇಟು ಸ್ವಲ್ಪ ಜಾಸ್ತಿ."

"ಜಾಸ್ತಿ ಆದ್ರೆ ಪಕ್ಕದಂಗಡಿಗೆ ಹೋಗ್ತೀನಿ."

"ಅವನ ತಕ್ಕಡಿ ಸರಿ ಇಲ್ಲ ತಾಯಿ" ಅಂತ ನ್ಯಾಮತಿಯೋರು ಮಂಚದ ಪಕ್ಕ ನೆಲದ ಮೇಲೆ ಕುಂತು, ಪಂಚೆ ಸರಿಮಾಡ್ಕಂಡ್ರು. ನಾನು ಬಾಗಿಲಾಗೆ ನಿಂತು, ಬಸ್ಸು ಹೊಂಟೈತೆ ಬರ್ರಿ ಅಂತ ಕರೆದೆ. ಅವರು ತಿರುಗಿ ನೋಡಲಿಲ್ಲ.