ತಂಗಿಯ ನೋವು ಮೂರಕ್ಕಿಳಿದಾಗ

ಮೊಣಕಾಲು ನೋವಿನ ಹೊಸ ಗುಳಿಗೆಯೊಂದನ್ನು ಗೋಕಾಕದ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದಾರೆಂದು ತಿಳಿದು ನಾನೂ ತಂಗಿಯೂ ಹೆಸರು ಕೊಟ್ಟೆವು. ನಾನು ಮೂಡಲಗಿಯಿಂದ, ಅವಳು ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕೆಲವರಿಗೆ ನಿಜವಾದ ಔಷಧಿ, ಕೆಲವರಿಗೆ ಅದರಂತೆಯೇ ಕಾಣುವ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಅಲ್ಲಿನ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಹೋದಾಗಲೆಲ್ಲ ಅವಳು ನಮ್ಮನ್ನು ಕೈಯೂರದೆ ಕುರ್ಚಿಯಿಂದ ಎಬ್ಬಿಸಿ, ಏಳಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡುತ್ತಿದ್ದಳು. ಆಮೇಲೆ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುತ್ತಿದ್ದಳು.

ಮೊದಲ ಸಲ ಇಬ್ಬರೂ ಎಂಟು ಎಂದೆವು. ತಿಂಗಳುಗಳು ಕಳೆದರೂ ನನ್ನದು ಏಳರಿಂದ ಕೆಳಗಿಳಿಯಲಿಲ್ಲ. ತಂಗಿ ಒಂದು ದಿನ ನಗುತ್ತಾ, "ನಂದು ಮೂರು ಅಂತ ಬರಕೋರಿ" ಎಂದಳು.

ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಚಿಕ್ಕಂದಿನಿಂದಲೂ ಹೀಗೇ. ಅವ್ವ ಎರಡು ಲಂಗ ತಂದರೆ ಚೆಂದದ್ದು ಅವಳಿಗೆ. ಈಗ ಖರೆ ಔಷಧಿಯೂ ಅವಳಿಗೇ ಸಿಕ್ಕಿತೆಂದುಕೊಂಡೆ.

ಡಾಕ್ಟರಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು. "ಅವ್ವಾರ, ಏಳಾಕ ನಿಮಗ ಮೊದಲಿನಷ್ಟ ಹೊತ್ತು ಹಿಡದೈತಿ. ನೋವು ಹ್ಯಾಂಗ ಕಡಿಮಿ ಆತು?"

"ನೀವು ಕೇಳಾಕತ್ತ ಮ್ಯಾಲೆ ನಮ್ಮ ಮನಿಯವರೂ ನೋವು ಎಷ್ಟೈತಿ ಅಂತ ದಿನಾ ಕೇಳಾಕ ಹತ್ಯಾರ್ರಿ," ಎಂದಳು ತಂಗಿ. "ಮುಂಜಾನಿ ನೀರು ಅವರ ತುಂಬತಾರ. ರೊಟ್ಟಿ ಬಡದು ಏಳಾಕ ಕೈ ಕೊಡ್ತಾರ. ಕಾಲು ಹಂಗ ಐತಿ. ತ್ರಾಸ ಕಡಿಮಿ ಆಗೈತಿ."

ಡಾಕ್ಟರಮ್ಮ ಅದನ್ನೂ ಬರೆದುಕೊಂಡಳು. "ಮೂರು ಅಂದ್ರ ಮೂರ. ಅದು ನಿಮ್ಮ ಮಾತು, ನಾ ತಿದ್ದಂಗಿಲ್ಲ. ಆದ್ರ ಮನ್ಯಾಗ ಯಾರು ಆಸರಾ ಆಗ್ತಾರ ಅಂತನೂ ಇನ್ನ ಎಲ್ಲಾರನ್ನೂ ಕೇಳಬೇಕು." ನನ್ನತ್ತ ತಿರುಗಿದಳು. "ನಿಮಗ ಯಾರು ಅದಾರ್ರಿ?"

ನಮ್ಮ ಮನೆಯಲ್ಲಿ ನೀರು ತುಂಬುವವಳೂ ನಾನೇ, ರೊಟ್ಟಿ ಬಡಿದು ಗೋಡೆ ಹಿಡಿದು ಏಳುವವಳೂ ನಾನೇ. ಗುಳಿಗೆಗಾಗಿ ಪಟ್ಟ ಹೊಟ್ಟೆಕಿಚ್ಚು ಅವಳ ಗಂಡನ ಆಸರೆ ಕೇಳಿ ಹುಟ್ಟಿದ ಈ ಕಿಚ್ಚಿನ ಮುಂದೆ ಏನೂ ಅಲ್ಲ ಅನಿಸಿತು.

ಅಂದು ಸಂಜೆ ಗಂಡನಿಗೆ ಹೇಳಿದೆ: "ನಾಳಿಂದ ನೀರು ನೀವು ತುಂಬ್ರಿ."

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಗುಳಿಗಿ ತಗೋಳಾಕತ್ತಿಯಲ್ಲ?"

ನಾನು ಜಗಳಾಡಿದ ಮೇಲೆ ಸ್ವಲ್ಪ ದಿನ ತುಂಬಿದರು. ಆಮೇಲೆ ಮತ್ತೆ ನಾನೇ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆದು ತಿಳಿಸಿದಳು: ಔಷಧಿ ಸಿಕ್ಕಿದ್ದು ನನಗೆ, ಹಿಟ್ಟಿನ ಗುಳಿಗೆ ತಂಗಿಗೆ.

"ನಿನ್ನ ದೈವ ಛಲೋ ಐತಿ ನೋಡ ಅಕ್ಕಾ!" ತಂಗಿ ನನ್ನ ತೋಳು ಹಿಡಿದು ನಕ್ಕಳು. ಅವಳ ಗಂಡ ಕರೆದೊಯ್ಯಲು ಹೊರಗೆ ನಿಂತಿದ್ದ. ನಾನು ಒಬ್ಬಳೇ ಬಸ್ಸು ಹತ್ತಿದೆ. ಮೂಡಲಗಿ ಮುಟ್ಟುವವರೆಗೂ ತಂಗಿ, ಅವಳ ಗಂಡ ಇಬ್ಬರ ಮೇಲಿನ ಸಿಟ್ಟೂ ಆರಲಿಲ್ಲ.