ತೊಟ್ಟಿಲಿಗೆ ಮೊದಲು ಬಂದ ಕಲ್ಲು

ಸೇಡಂನ ನಮ್ಮ ಮನೆಯ ನಡುಮನೆಯಲ್ಲಿ ಕಳೆದ ವರ್ಷ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಅದು ಹೆಂಗಸರ ಕಾರ್ಯ. ಗಂಡಸರು ಪಡಸಾಲೆಯಲ್ಲಿ ಕುಳಿತು ಊಟದ ಕರೆಗೆ ಕಾಯುವುದು ವಾಡಿಕೆ. ಆದರೂ ಅಂದು ನನ್ನನ್ನು ತೊಟ್ಟಿಲ ಪಕ್ಕದಲ್ಲೇ ಕೂರಿಸಿದ್ದರು. ಮೊಮ್ಮಗಳಿಗೆ ಮೊದಲು ಹುಟ್ಟಿದ ಎರಡು ಕೂಸುಗಳು ಹೆಸರಿಡುವ ದಿನದವರೆಗೂ ಬದುಕಿರಲಿಲ್ಲ. ಇದು ಉಳಿದಿತ್ತು. ಶ್ರಾವಣಮಾಸದಲ್ಲಿ ಮಠದೊಳಗೆ ಪುರಾಣ ಹೇಳುತ್ತ ಹಣ್ಣಾದ ನನ್ನಂಥ ಮುದುಕನ ಹರಕೆ ಕೂಸಿಗೆ ಹತ್ತಿರವಿರಲಿ ಎಂಬುದು ಮನೆಯವರ ಆಸೆ.

ಕೂಸು ಹುಟ್ಟಿದ್ದು ಚಿತ್ತಾ ನಕ್ಷತ್ರದಲ್ಲಿ. ಪಂಚಾಂಗ ಕೊಟ್ಟ ಅಕ್ಷರ ‘ರಿ’. ಆ ಅಕ್ಷರಕ್ಕೆ ಒಪ್ಪುವ ಹೆಸರೊಂದನ್ನು ನಾನು ನಿಧಾನವಾಗಿ ಹುಡುಕುತ್ತಿರುವಾಗಲೇ, ಚಿತ್ತಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮೊಮ್ಮಗಳು ‘ರಿಯಾ’ ಎಂದುಬಿಟ್ಟಳು. ನಾನು ಕಲಿತ ಯಾವ ನಿಘಂಟಿನಲ್ಲಿಯೂ ಆ ಶಬ್ದವಿಲ್ಲ. ಆದರೂ ಬಾಣಂತಿಯ ಮಾತನ್ನು ಮುರಿಯಲಾರದೆ, ಕಿವಿಗೆ ಇಂಪಾಗಿದೆ ಎಂದು ಒಪ್ಪಿಕೊಂಡೆ.

ಚಿಂಚೋಳಿಯಿಂದ ಬಂದಿದ್ದ ನನ್ನ ಅಕ್ಕ ಒಳಕಲ್ಲಿನ ಗುಂಡನ್ನು ತೊಳೆದು, ಕುಂಕುಮವಿಟ್ಟು, ಅದರ ತಲೆಗೆ ಕೂಸಿನ ಕುಲಾಯಿ ತೊಡಿಸಿ, ಹಸಿರು ಖಣದ ಬಟ್ಟೆಯಲ್ಲಿ ಸುತ್ತಿದಳು. ಹೀಗೆ ಸಿಂಗರಿಸಿದ ಕಲ್ಲಿಗೆ ನಮ್ಮ ಕಡೆ ಗುಂಡಪ್ಪ ಎನ್ನುತ್ತಾರೆ. ತೊಟ್ಟಿಲ ಕೆಳಗಿನಿಂದಲೂ ಮೇಲಿನಿಂದಲೂ ಕೈಯಿಂದ ಕೈಗೆ ಸಾಗಿ ಮೊದಲು ಗುಂಡಪ್ಪ ಮಲಗಬೇಕು; ಆಮೇಲೆ ಕೂಸು.

“ಏನ್ ಭಾರ ಅದಾನ್ರಿ ಆಯಿ ನಿಮ್ಮ ಗುಂಡಪ್ಪ! ಕೈ ಕಳಚಾಕತ್ತಾವ,” ಎಂದು ಕೂಸಿನ ಸೋದರತ್ತೆ ನಕ್ಕಳು.

“ಹೋಳಿಗಿ ಹೊಡಿಲಿಕ್ಕ ಬರ್ತದ, ಗುಂಡಪ್ಪನ ಎತ್ಲಿಕ್ಕ ಬರಂಗಿಲ್ಲೇನ? ಕೂಸಿನ ಹಾಂಗ ಹಿಡಿ ಅವನ್ನ,” ಎಂದಳು ಅಕ್ಕ.

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಉಳಿದ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಎಲ್ಲವೂ ಸಾಂಗವಾಗಿ ಮುಗಿಯಿತೆಂದು ನಾನು ಕಣ್ಣು ಮುಚ್ಚಿ ಶಿವನನ್ನು ನೆನೆದೆ.

ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತವರು ವಾಡಿಯ ಬೀಗರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಮೊಮ್ಮಗಳ ಮಾವ. ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಮೊಬೈಲು ತೆಗೆದರು.

“ಬೀಗರ, ನಮ್ಮ ಕೂಸಿನ ಹೆಸರು ಸಾದಾ ಅಲ್ಲರಿ. ಗ್ರೀಕರ ದೇವತಿ ಹೆಸರಂತ. ಜರಾ ಕೇಳ್ರಿ,” ಎಂದು ಹೆಮ್ಮೆಯಿಂದ ಓದತೊಡಗಿದರು. “ರಿಯಾ, ದೇವರುಗಳ ತಾಯಿ. ಈಕೆ ಹೆತ್ತ ಕೂಸುಗಳನ್ನು ಗಂಡನು ಹುಟ್ಟಿದ ಕೂಡಲೇ ನುಂಗುತ್ತಿದ್ದನು…”

ಅಲ್ಲಿಗೆ ಅವರ ದನಿ ನಿಂತಿತು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಇಡೀ ಪಂಕ್ತಿಗೆ ಆ ಎರಡು ಕೂಸುಗಳ ನೆನಪಾಯಿತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತುಪ್ಪ ಬಡಿಸುತ್ತಿದ್ದ ಅಕ್ಕ ಗಿಂಡಿಯನ್ನು ನೆಲದ ಶಹಾಬಾದಿ ಕಲ್ಲಿನ ಮೇಲೆ ಕುಕ್ಕಿದಳು.

“ಎಂಥ ಹೆಸರಿಟ್ರೋ ನನ್ನ ಕೂಸಿಗಿ! ತೆಗೀರಿ ಅದನ್ನ. ಹೊತ್ತು ಮುಣುಗೂದ್ರಾಗ ಬ್ಯಾರೆ ಇಡ್ರಿ.”

“ನನಗೇನ್ ಗೊತ್ತರಿ ಅಕ್ಕಾರ, ನಾ ಖಾಲಿಪೀಲಿ ಓದಿದೆ,” ಎಂದು ಬೀಗರು ಬೆವರಿದರು.

ಎಲ್ಲರೂ ನನ್ನ ಮುಖ ನೋಡಿದರು. ಒಪ್ಪಿದವನು ನಾನು, ತೆಗೆಯಬೇಕಾದವನೂ ನಾನೇ. ಎಲೆಯ ಮುಂದಿನಿಂದ ಎದ್ದು ಬಾಣಂತಿಯ ಕೋಣೆಗೆ ಹೋದೆ. ಮೊಮ್ಮಗಳು ಕೂಸಿಗೆ ಹಾಲೂಡಿಸಿ ಭುಜಕ್ಕೆ ಹಾಕಿಕೊಂಡಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ನಿನಗ ಗೊತ್ತಿತ್ತೇನವ್ವಾ?” ಎಂದೆ.

“ಗೊತ್ತಿತ್ತು ಮುತ್ಯಾ.”

ಬೀಗರು ಓದಿದ್ದಕ್ಕಿಂತ ಈ ಉತ್ತರವೇ ನನ್ನನ್ನು ಹೆಚ್ಚು ತಲ್ಲಣಗೊಳಿಸಿತು. ತಿಳಿದೂ ತಿಳಿದೂ ತಾಯಿಯೊಬ್ಬಳು ಇಂಥ ಹೆಸರನ್ನು ಆರಿಸಿಕೊಳ್ಳುವುದುಂಟೆ?

“ಮಾವಾರು ಅರ್ಧಾ ಓದಿ ಬಿಟ್ಟಾರ,” ಎಂದಳು ಅವಳು. “ಕಡೀ ಕೂಸು ಹುಟ್ಟಿದಾಗ ಆಕಿ ಅದನ್ನ ಗವಿಯಾಗ ಮುಚ್ಚಿಟ್ಳು. ಗಂಡನ ಕೈಯಾಗ ಒಂದು ಕಲ್ಲು ಕೊಟ್ಳು, ಕೂಸಿನ ಬಟ್ಟಿ ಸುತ್ತಿ. ಅಂವ ಅದನ್ನೇ ನುಂಗಿದ. ಕೂಸು ಉಳೀತು.”

ನಾನು ನಡುಮನೆಯ ತೊಟ್ಟಿಲ ಕಡೆ ತಿರುಗಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು; ಯಾವಾಗ ಬಂದಳೋ ತಿಳಿಯದು.

“ಬಟ್ಟಿ ಸುತ್ತಿದ ಕಲ್ಲೇನ?”

“ಹೌದ್ರಿ ಆಯಿ. ನೀವು ಸುತ್ತಿದ ಹಾಂಗೇ.”

“ಮತ್ತ ನಾವ್ಯಾಕ ಸುತ್ತತೀವಿ? ಕೂಸಿಗಿ ಬರೂದು ಮೊದಲ ಕಲ್ಲಿಗಿ ಬಡೀಲಿ ಅಂತ,” ಎಂದು ಅಕ್ಕ ಹೊಸ್ತಿಲಲ್ಲೇ ಕುಳಿತಳು.

ಸೆರೆಮನೆಯಲ್ಲಿ ಹೆತ್ತು ಹೆತ್ತು ಕಳೆದುಕೊಂಡು, ಕೊನೆಗೆ ಒಂದನ್ನು ಹೊಳೆಯಾಚೆ ಕಳಿಸಿ ಉಳಿಸಿಕೊಂಡ ತಾಯಿಯ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಕೇಳುವವರ ಕಣ್ಣಲ್ಲಿ ನೀರು ತರಿಸಿದ್ದೇನೆ. ಸಮುದ್ರದಾಚೆಯ ಜನಕ್ಕೂ ಅಂಥ ತಾಯಿಯೊಬ್ಬಳಿದ್ದಾಳೆಂದು, ಅವಳ ಕೈಯಲ್ಲಿ ನಮ್ಮ ಗುಂಡಪ್ಪನೇ ಇದ್ದಾನೆಂದು ನನಗೆ ಯಾರು ಹೇಳಬೇಕಿತ್ತು?

“ಇಂಗ್ಲಿಷಿನಾಗ ಇಂಥ ಹೆಸರು ಇನ್ನೂ ಅದಾವೇನವ್ವಾ?”

“ಭಾಳ ಅದಾವ ಮುತ್ಯಾ. ನೀವು ನಕಾಶಿ ನೋಡೋ ಅಟ್ಲಾಸ್ ಅದಲ್ಲ, ಅದು ಆಕಾಶ ಹೊತ್ತು ನಿಂತವನ ಹೆಸರು. ಪ್ಯಾನಿಕ್ ಆಗಬ್ಯಾಡ್ರಿ ಅಂತಾರಲ್ಲ, ಅದು ಅಡವ್ಯಾಗ ಕುರಿ ಕಾಯವ್ರನ್ನ ಅಂಜಿಸೋ ದೇವರದು. ಕೂಸಿನ ಎದಿಗಿ ಡಾಕ್ಟರು ಮಾಡಿಸಿದ್ರಲ್ಲ, ಎಕೋ? ಅದೂ ಒಬ್ಬ ಹುಡುಗಿ ಹೆಸರು. ಕೊರಗಿ ಕೊರಗಿ ಮೈಯೆಲ್ಲ ಕರಗಿ, ಬರೀ ದನಿ ಉಳೀತಂತ ಆಕೀದು.”

ಕಲಬುರಗಿಯ ಆಸ್ಪತ್ರೆಯಲ್ಲಿ ಆ ಪರೀಕ್ಷೆಯ ದಿನ ನಾನೂ ಜೊತೆಗಿದ್ದೆ. ಹೊರಗಿನ ಬೆಂಚಿನ ಮೇಲೆ ಕುಳಿತು, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು, ಆ ಶಬ್ದವನ್ನು ಯಂತ್ರದ ಹೆಸರೆಂದೇ ತಿಳಿದಿದ್ದೆ.

“ಆ ಮಷೀನಿನಾಗ ಈಕಿ ಎದಿ ಬಡಕೊಳ್ಳೂದು ಕೇಳಿಸ್ತು ಮುತ್ಯಾ. ಮೊದಲಿನ ಎರಡರದೂ ಹಿಂಗೇ ಕೇಳಿದ್ದೆ. ಈ ಸಲಾನೂ ದನಿ ಅಷ್ಟೇ ಉಳೀತದೇನೋ ಅಂತ ಅಂಜಿದ್ದೆ.” ಅವಳು ಕೂಸಿನ ಬೆನ್ನನ್ನು ಮೆಲ್ಲಗೆ ತಟ್ಟಿದಳು. “ಕೂಸೂ ಉಳೀತು. ಅದಕ್ಕೇ ಈ ಹೆಸರು.”

ಎಲ್ಲರೆದುರು ನಗುತ್ತ, ತರಗತಿಯಲ್ಲಿ ಪಾಠ ಹೇಳುತ್ತ, ಈ ಮಗಳು ಎಂಥ ಭಯವನ್ನು ಒಬ್ಬಳೇ ಹೊತ್ತು ತಿರುಗಿದ್ದಳು! ಅಕ್ಕನ ಕಡೆ ನೋಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಆಮ್ಯಾಲ ಆ ಕಲ್ಲು ಏನಾತವ್ವಾ?” ಎಂದಳು.

“ಗಂಡ ಅದನ್ನ ಕಾರಿಕೊಂಡ. ಅದರ ಹಿಂದ ನುಂಗಿದ ಕೂಸುಗಳೂ ಹೊರಗ ಬಂದ್ವು. ಆ ಕಲ್ಲನ್ನ ಗುಡಿಯಾಗಿಟ್ಟು ದಿನಾ ಎಣ್ಣಿ ಎರೀತಿದ್ರಂತ.”

ನಾನು ಪಂಕ್ತಿಗೆ ಮರಳಿದೆ. ಯಾರೂ ಉಂಡಿರಲಿಲ್ಲ.

“ಬೀಗರ, ಉಳಿದದ್ದು ಓದ್ರಿ,” ಎಂದೆ.

“ಬ್ಯಾಡ ಬಿಡ್ರಿ ಬೀಗರ, ಆಗಿದ್ದು ಸಾಕು.”

“ಓದ್ರಿ. ಗಟ್ಟಿಯಾಗಿ ಓದ್ರಿ.”

ಅವರು ಅಳುಕುತ್ತಲೇ ಓದಿದರು. ಕಲ್ಲಿನ ಮಾತು ಬಂದಾಗ ಹೆಂಗಸರ ಸಾಲಿನಲ್ಲಿ ಉಸಿರು ಎಳೆದುಕೊಂಡ ಸದ್ದಾಯಿತು. ನನ್ನ ಹಿಂದೆಯೇ ಬಂದಿದ್ದ ಅಕ್ಕ ಗಿಂಡಿಯನ್ನೆತ್ತಿ ಬೀಗರ ಹೋಳಿಗೆಗೆ ಧಾರಾಳವಾಗಿ ತುಪ್ಪ ಸುರಿದಳು. “ಮುಂದ ಯಾವುದರೆ ಓದೂದಿದ್ರ ಪೂರಾ ಓದ್ರಿಪಾ,” ಎಂದಳು. ಹೆಸರು ಬದಲಿಸುವ ಮಾತು ಮತ್ತೆ ಬರಲಿಲ್ಲ.

ಕಾರ್ಯ ಮುಗಿದ ಮೇಲೆ ಬಟ್ಟೆ ಬಿಚ್ಚಿ ಗುಂಡನ್ನು ಒಳಕಲ್ಲಿಗೆ ಹಾಕುವುದು ಪದ್ಧತಿ. ಮರುದಿನ ಲಿಂಗಪೂಜೆ ಮುಗಿಸಿ ನಡುಮನೆಗೆ ಬಂದಾಗ ಗುಂಡಪ್ಪ ತೊಟ್ಟಿಲ ಬುಡದಲ್ಲಿ, ಖಣ ಉಟ್ಟುಕೊಂಡು, ಕುಳಿತೇ ಇದ್ದ. ಕುಲಾಯಿ ಮಾತ್ರ ತೆಗೆದಿತ್ತು. ಅವನ ನೆತ್ತಿಯಿಂದ ಎಣ್ಣೆ ಇಳಿದು ಹಸಿರು ಖಣವನ್ನು ತೋಯಿಸಿತ್ತು. ತೊಟ್ಟಿಲು ತೂಗುತ್ತಿದ್ದ ಅಕ್ಕನ ಅಂಗೈ ಹೊಳೆಯುತ್ತಿತ್ತು. ಅವಳು ನನ್ನತ್ತ ತಿರುಗಲಿಲ್ಲ. “ರಿಯವ್ವಾ, ರಿಯವ್ವಾ,” ಎಂದು ಕೂಸನ್ನು ಕರೆಯುತ್ತಲೇ ಇದ್ದಳು.